ಬಾಯಿ ಕಿರಿದು, ಒಡಲು ಹಿರಿದು

ಏಳನೆಯ ಕಂತು

ಉರಿಯೊಳಗಿದ್ದೂ ಉರಿಯದವನಿಗೆ, ಉಸಿರೊಳಗೆ ನೆಲೆಸಿ ಉಸಿರನ್ನು ನಡೆಸುವವನಿಗೆ, ಯಾರೂ ಕಾಣದಂತೆ ಮಾಡಿದ್ದಕ್ಕೂ ಸಾಕ್ಷಿಯಾಗಿ ನಿಂತವನಿಗೆ ತಲೆಬಾಗಿ ಕಥೆಯ ಎಳೆಯನ್ನು ಕೈಗೆತ್ತಿಕೊಳ್ಳುತ್ತೇನೆ. ಹೇಳುವ ನಾಲಿಗೆ ನಿಜವನ್ನು ಬಿಟ್ಟು ಜಾರದಿರಲಿ. ನಿಜವನ್ನು ಹೇಳುವಾಗ ಕರುಣೆಯನ್ನು ಮರೆಯದಿರಲಿ.

ಕತ್ತರಿಯ ಅಲಗು ಪಟ್ಟಿಯ ಮೊದಲ ಸುತ್ತಿನ ಕೆಳಗೆ ನುಸುಳಿತು.

ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ನಜ್ಜುಗುಜ್ಜಾದ ಕಾರಿನ ಪಕ್ಕದ ಮೇಜಿಗೆ ಬಾಗಿ ಮೇಷ್ಟ್ರು ಕೆಲಸದಲ್ಲಿದ್ದರು. ತಾಂತ್ರಿಕ ಶಾಲೆಯಲ್ಲಿ ಮೂವತ್ತು ವರ್ಷ ಎಂಜಿನ್ನಿನ ಪಾಠ ಹೇಳಿ ನಿವೃತ್ತರಾದವರು. ಸಾವಿನಲ್ಲಿ ಯಂತ್ರದ ಪಾಲಿದೆಯೆಂದು ಅನುಮಾನ ಬಂದಾಗಲೆಲ್ಲ ಠಾಣೆಯವರು ಕರೆಸುತ್ತಿದ್ದುದು ಅವರನ್ನೇ.

ಹತ್ತು ದಿನಗಳ ಹಿಂದೆ, ಗುಡ್ಡದ ರಸ್ತೆಯ ಓಟದಲ್ಲಿ, ನಾಲ್ಕನೆಯ ತಿರುವಿನ ತಡೆಗೋಡೆ ಹಾರಿ ಈ ಕಾರು ಕೆಳಗೆ ಬಿದ್ದಿತ್ತು. ಓಡಿಸುತ್ತಿದ್ದ ಇಪ್ಪತ್ತೈದರ ಹೆಣ್ಣುಮಗಳು ತೀರಿಕೊಂಡಿದ್ದಳು. ಕಾರನ್ನು ಸಜ್ಜುಗೊಳಿಸಿದ ಅವಳ ಗಂಡನನ್ನು ಹಿಂದಿನ ಸಂಜೆ ಲಾಕಪ್ಪಿಗೆ ಹಾಕಿದ್ದರು.

"ಹನ್ನೊಂದಾಯ್ತು ಮೇಷ್ಟ್ರೇ," ಎಂದಳು ಇನ್‌ಸ್ಪೆಕ್ಟರ್. ಒಂದು ಕಾಲದಲ್ಲಿ ಅವರದೇ ಶಿಷ್ಯೆ. "ಮೂರು ಗಂಟೆಗೆ ಅವನನ್ನ ನ್ಯಾಯಾಧೀಶರ ಮುಂದೆ ನಿಲ್ಲಿಸ್ಬೇಕು. ಕೊಲೆ ಅಂತ ಒಂದು ಸಲ ಬರೆದ್ರೆ ಆಮೇಲೆ ಅಳಿಸೋದು ನನ್ನ ಕೈಲಾಗಲ್ಲ."

"ಅವಸರ ಮಾಡ್ಬೇಡಮ್ಮ. ತರಗತೀಲೂ ಪ್ರಶ್ನೆ ಮುಗಿಯೋ ಮೊದಲೇ ಕೈ ಎತ್ತೋಳು ನೀನು."

"ಉತ್ತರ ಸರಿಯಿರ್ತಿತ್ತಲ್ಲ?"

"ಅರ್ಧ ಸಲ."

ಮೇಜಿನ ಮೇಲಿದ್ದುದು ಕಾರಿನ ಮ್ಯಾನಿಫೋಲ್ಡು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊರಡುವ ಬಿಸಿ ಹೊಗೆಯನ್ನು ನಾಲ್ಕು ಕವಲುಗಳಲ್ಲಿ ಹಿಡಿದು, ಒಂದೆಡೆ ಕೂಡಿಸಿ, ಟರ್ಬೊ ಎಂಬ ಪುಟ್ಟ ಚಕ್ರದ ಮೇಲೆ ಊದುವ ಉಕ್ಕಿನ ಕೊಳವೆ. ಶಾಖ ಹೊರಗೆ ಸೋರದಿರಲೆಂದು ಅದಕ್ಕೆ ಬೂದುಬಣ್ಣದ ಬಟ್ಟೆಯಂಥ ಪಟ್ಟಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ಈ ಹತ್ತು ದಿನ ಬ್ರೇಕು, ಸ್ಟಿಯರಿಂಗು, ಟಯರುಗಳನ್ನು ಜಾಲಾಡಿದವರಾರೂ ಇದರ ಕಡೆಗೆ ಕಣ್ಣೆತ್ತಿರಲಿಲ್ಲ.

ಪಟ್ಟಿ ಉದುರಿತು. ಮೇಷ್ಟ್ರು ವರ್ನಿಯರ್ ಹಿಡಿದು ಮೊದಲ ಕವಲನ್ನು ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದರು. ಉಳಿದ ಮೂರನ್ನೂ ಅಳೆದು ಉಪಕರಣವನ್ನು ಮೆಲ್ಲನೆ ಕೆಳಗಿಟ್ಟರು.

"ಹಳೇ ಮ್ಯಾನಿಫೋಲ್ಡಿನ ಕವಲು ಹೊರಗಿನ ಅಳತೇಲಿ ಮೂವತ್ತೆಂಟು ಮಿಲಿಮೀಟರು. ಅದು ಬಿರುಕು ಬಿಟ್ಟಿತ್ತು. ಅದರ ಬದಲಿಗೆ ಇದನ್ನ ಹಾಕಿದ್ದಾರೆ. ಇದು ನಲವತ್ತಾರು."

"ಎಂಟು ಮಿಲಿಮೀಟರಿಗೆ ಒಂದು ಜೀವ ಹೋಗುತ್ತಾ?"

ಮೇಷ್ಟ್ರು ಎರಡು ಕಾಗದಗಳನ್ನು ಸುರುಳಿ ಸುತ್ತಿದರು. ಒಂದು ಪೆನ್ಸಿಲಿನಷ್ಟು ಸಣ್ಣದು, ಇನ್ನೊಂದು ಮೂರು ಬೆರಳು ದಪ್ಪದ್ದು.

"ಸಣ್ಣದ್ರಲ್ಲಿ ನನ್ನ ಅಂಗೈ ಮೇಲೆ ಊದು... ಚುರುಕಾಗಿ ತಾಕ್ತಲ್ಲ? ಈಗ ದೊಡ್ಡದ್ರಲ್ಲಿ ಅಷ್ಟೇ ಉಸಿರು ಬಿಡು. ಏನೂ ಇಲ್ಲ. ಹೊಗೆಯೂ ಅಷ್ಟೇ ಕಣಮ್ಮ. ಸಣ್ಣ ಕವಲಲ್ಲಿ ಬಿಸಿಬಿಸಿಯಾಗಿ, ರಭಸವಾಗಿ ಹೋಗಿ ಟರ್ಬೊ ಚಕ್ರಕ್ಕೆ ಹೊಡೆಯುತ್ತೆ. ಗಾಡಿ ಬೇಗ ಎಚ್ಚರ ಆಗುತ್ತೆ. ಆದ್ರೆ ಎಂಜಿನ್ ಜೋರಾಗಿ ತಿರುಗೋವಾಗ ಆ ಸಣ್ಣ ದಾರಿ ಸಾಲದೆ ಕಟ್ಟಿಕೊಳ್ಳುತ್ತೆ. ಅಗಲ ಮಾಡಿದ್ರೋ, ಕೆಳಗಿನ ವೇಗದಲ್ಲಿ ಹೊಗೆ ಸೋತು, ತಣ್ಣಗಾಗಿ, ಚಕ್ರ ಏಳೋದೇ ಇಲ್ಲ."

"ಅಂದ್ರೆ ಗಾಡಿ ನಿಧಾನ ಆಗುತ್ತೆ. ಒಳ್ಳೇದೇ ಅಲ್ವಾ?"

"ಅದು ಅರ್ಧ ಪಾಠ. ಎಂಜಿನ್ ಸದ್ದು ಏರ್ತಾ ಏರ್ತಾ ಹೊಗೆ ಹೆಚ್ಚಾಗಿ ಚಕ್ರ ಒಂದು ಸಲ ಎದ್ದಿತು ಅನ್ನು, ಆಮೇಲೆ ಅದನ್ನ ತಡೆಯೋ ಇಕ್ಕಟ್ಟೇ ಕವಲಲ್ಲಿ ಇಲ್ಲ. ಅಲ್ಲಿವರೆಗೆ ಬರದಿದ್ದ ಶಕ್ತಿ ಎಲ್ಲ ಒಟ್ಟಿಗೆ ಬರುತ್ತೆ. ನೇರ ರಸ್ತೇಲಾದ್ರೆ ತೊಂದರೆ ಇಲ್ಲ. ತಿರುವಿನ ನಟ್ಟ ನಡುವೆ ಬಂದ್ರೆ ಹಿಂದಿನ ಗಾಲಿ ನೆಲ ಬಿಡುತ್ತೆ."

ಅವರು ಓಟದ ಸಮಯದ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಮೊದಲ ಮೂರು ತಿರುವುಗಳವರೆಗೆ ಆ ಹುಡುಗಿಯ ಕಾರು ಎಂದೂ ಇಲ್ಲದಷ್ಟು ಮಂದ. ನಾಲ್ಕನೆಯದರ ಹೊಸ್ತಿಲಲ್ಲಿ ಎಂದೂ ಇಲ್ಲದಷ್ಟು ವೇಗ.

ಇನ್‌ಸ್ಪೆಕ್ಟರ್ ಹಾಳೆಯ ಅಂಕಿಗಳ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ಮುಗೀತು. ಪೈಪು ಹಾಕಿದ್ದು ಗಂಡ. ಓಟದ ಹಿಂದಿನ ದಿನ ಎಲ್ಲರ ಎದುರಿಗೆ 'ನಾಳೆ ನಿನ್ನ ಜಂಬ ಇಳಿಯುತ್ತೆ' ಅಂತ ಕೂಗಾಡಿದ್ದೂ ಅವನೇ. ಹೊರಡೋವಾಗ ಬಾನೆಟ್ಟಿಂದ ಬಿಳೀ ಹೊಗೆ ಬಂತು ಅಂತ ಬಾವುಟ ಹಿಡಿದವನೂ ಹೇಳಿದ್ದಾನೆ."

"ಹೊಗೆ ಬಿಡು. ಹೊಸ ಪಟ್ಟಿ ಮೊದಲ ಸಲ ಕಾದಾಗ ಯಾವಾಗಲೂ ಹೊಗೆಯಾಡುತ್ತೆ. ಹಾಕಿದ್ದು ಅವನು, ನಿಜ. ಮಾಡಿದ್ದು ಯಾರು ಅಂತ ನೋಡ್ಬೇಕಲ್ಲ."

ಒಂದು ಜೀವ ಹೋಗಿ ಆಗಿತ್ತು. ಇನ್ನೊಂದು ಮೂರು ಗಂಟೆಯ ಕಡೆಗೆ ಸರಿಯುತ್ತಿತ್ತು.

*

ಲಾಕಪ್ಪಿನ ಮೂಲೆಯಲ್ಲಿ ಅಳಿಯ ಕುಳಿತಿದ್ದ. ಓಟದ ಮಂದಿಗೆ ಅವನ ಹೆಸರು ಮರೆತೇ ಹೋಗಿತ್ತು. ಬೆಸುಗೆ ಯಜಮಾನರ ಅಳಿಯನೆಂದು ಕರೆದು ಕರೆದು ಕೊನೆಗೆ 'ಅಳಿಯ' ಎಂಬುದೇ ಉಳಿದಿತ್ತು. ಹತ್ತು ದಿನ ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

"ಪೈಪು ಎಲ್ಲಿಂದ ಬಂತಪ್ಪ?"

"ಮಾವನ ವರ್ಕ್‌ಶಾಪಿಂದ. ಹಳೇ ಅಳತೇಲೇ ಇನ್ನೊಂದು ಮಾಡಿಕೊಡಿ ಅಂದಿದ್ದೆ. ಓಟದ ದಿನ ಬೆಳಿಗ್ಗೆ ಪೆಟ್ಟಿಗೆ ಬಂತು. ಪಟ್ಟಿ ಸುತ್ತಿಯೇ ಇತ್ತು, ಯಾವಾಗ್ಲೂ ಹಾಗೇ ಬರೋದು. ಬಾಯಿ ನೋಡಿದೆ. ಎಂಜಿನ್ ಬಾಯಿಗೆ ಕಚ್ಚಿ ಕೂತಿತು. ಬೋಲ್ಟು ಬಿಗಿದೆ."

"ಅಳೆದು ನೋಡ್ಲಿಲ್ವಾ?"

"ಮಾವನ ಕೆಲಸಾನ ಅಳೆಯೋದಾ?" ಅವನ ತುಟಿ ನಗಲು ಹೋಗಿ ಸೋತಿತು. "ಅದೂ ಅಳಿಯ ಆಗಿ?"

"ಜಗಳ ಆಡಿದ್ರಂತೆ."

"ಮದುವೆ ಆದ್ಮೇಲೆ ಜಗಳ ಆಡದ ದಿನ ನಂಗೆ ನೆನಪಿಲ್ಲ ಮೇಷ್ಟ್ರೇ. ಅವಳು ಜಗಳ ಆಡ್ಲಿಲ್ಲ ಅಂದ್ರೆ ಜ್ವರ ಬಂದಿದೆ ಅಂತ ಅರ್ಥ. ಹಣೆ ಮುಟ್ಟಿ ನೋಡ್ತಿದ್ದೆ."

ಗೋಡೆಯ ಕಡೆ ಮುಖ ತಿರುಗಿಸಿ, ತಾನಾಗಿಯೇ ಮುಂದುವರಿಸಿದ.

"ಇದುವರೆಗೆ ಯಾರಿಗೂ ಹೇಳದ್ದು ಒಂದಿದೆ. ಹೊರಡೋ ಗೆರೆ ಹತ್ರ ಗಾಡಿ ನಿಲ್ಸಿ, ಕಿಟಕಿ ಇಳಿಸಿ ಕರೆದಳು. 'ಗಾಡಿ ಇವತ್ತು ಯಾಕೋ ಸೋಮಾರಿ ಆಗಿದೆ ಕಣೋ' ಅಂದಳು. ನಾನು ಬಗ್ಗಿ ನೋಡ್ಲಿಲ್ಲ. ಕೇಳ್ಲೂ ಇಲ್ಲ. 'ಹೊಸ ಪೈಪು, ಬಿಸಿ ಆದ್ರೆ ಸರಿಹೋಗುತ್ತೆ. ಚೆನ್ನಾಗಿ ತುಳಿ, ಬರುತ್ತೆ' ಅಂದೆ."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ತುಳಿದಳು ಮೇಷ್ಟ್ರೇ. ಬಂತು."

ಕಂಬಿಯ ಆಚೆ ನಿಂತಿದ್ದ ಪೇದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಮೂರು ಗಂಟೆಗೆ ಏನು ಬೇಕಾದ್ರೂ ಬರ್ಕೊಳ್ಳಿ," ಎಂದ ಅಳಿಯ. "ನಾನು ಇಲ್ಲ ಅನ್ನಲ್ಲ."

"ನೀನು ಹೂಂ ಅಂದ್ರೂ ನಾನು ಒಪ್ಪಬೇಕಲ್ಲಪ್ಪ," ಎಂದು ಹೇಳಿ ಮೇಷ್ಟ್ರು ಎದ್ದರು.

*

ಬೆಸುಗೆ ಯಜಮಾನರ ವರ್ಕ್‌ಶಾಪು ಮನೆಯ ಮುಂಭಾಗದಲ್ಲೇ ಇತ್ತು. ಕಬ್ಬಿಣದ ಬಾಗಿಲು ಅರ್ಧ ಇಳಿದಿತ್ತು. ಒಳಗೆ ವೈಸು ಎಂಬ ಕಬ್ಬಿಣದ ಇಕ್ಕಳ ಬಿಗಿದ ಉದ್ದನೆಯ ಬೆಂಚು, ಗೋಡೆಗೆ ಒರಗಿಸಿಟ್ಟ ಉಕ್ಕಿನ ಕೊಳವೆಗಳು, ಮೊಳೆಗೆ ತೂಗುಹಾಕಿದ ಬೆಸುಗೆಯ ಎರಡು ಕಪ್ಪು ಮುಖವಾಡಗಳು. ಮನೆಗೂ ವರ್ಕ್‌ಶಾಪಿಗೂ ನಡುವಿನ ಬಾಗಿಲಿಗೆ ಹಳೆಯ ಪರದೆ. ಅದರಾಚೆ ಪಾತ್ರೆ ತೊಳೆಯುವ ಸದ್ದು.

ಯಜಮಾನರು ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದರು. ಹತ್ತು ದಿನದ ಗಡ್ಡ. ಸತ್ತವಳು ಅವರ ಒಬ್ಬಳೇ ಮಗಳು. ನಿಂತಲ್ಲಿ ನಿಲ್ಲದ ಆ ಮಗುವಿಗೆ 'ಬುಗುರಿ' ಎಂದು ಹೆಸರಿಟ್ಟು ಕರೆದವರು ಅವರೇ.

"ಬನ್ನಿ ಮೇಷ್ಟ್ರೇ. ನಿಮ್ಮ ಶಾಲೇಲಿ ಕಲಿತ ಹುಡುಗರನ್ನ ತಿದ್ದಿ ತಿದ್ದಿ ನನ್ನ ಆಯಸ್ಸು ಸವೀತು," ಎಂದರು. ಅದು ಅವರಿಬ್ಬರ ಹಳೆಯ ಚೇಷ್ಟೆ. ಇಂದು ಅದರಲ್ಲಿ ಜೀವವಿರಲಿಲ್ಲ.

"ನಾನು ಕಲಿಸಿದ್ದನ್ನ ಮರೆಸೋಕೆ ಅಷ್ಟು ಹೊತ್ತು ಹಿಡೀತಲ್ಲ, ಅದೇ ನನ್ನ ಹೆಮ್ಮೆ." ಮೇಷ್ಟ್ರು ಚೀಲದಿಂದ ಮ್ಯಾನಿಫೋಲ್ಡನ್ನು ತೆಗೆದು ಬೆಂಚಿನ ಮೇಲಿಟ್ಟರು. ಅದರ ಮೇಲೆ ಗೋಣಿಬಟ್ಟೆ ಮುಚ್ಚಿದ್ದರು; ಎಂಜಿನ್ನಿಗೆ ಬೋಲ್ಟು ಬಿಗಿಯುವ, ನಾಲ್ಕು ಬಾಯಿಗಳ ಚಪ್ಪಟೆ ಫ್ಲ್ಯಾಂಜು ಮಾತ್ರ ಹೊರಗೆ ಕಾಣುತ್ತಿತ್ತು. "ಕಾರಿಂದ ಬಿಚ್ಚಿದ್ದು. ನಿಮ್ಮದೇನಾ?"

"ನನ್ನದಲ್ಲದೆ ಇನ್ಯಾರದು?"

"ಗುಂಡು ಉರುಳಿಸಿ ಹೇಳಿ."

ಆ ವರ್ಕ್‌ಶಾಪಿನ ಪದ್ಧತಿ ಅದು. ಬೆಸುಗೆಯ ಲೋಹ ಒಳಕ್ಕೆ ಇಳಿದು ದಾರಿಯನ್ನು ಕಿರಿದು ಮಾಡುವುದುಂಟು. ಕಣ್ಣಿಗೆ ಅದು ಕಾಣುವುದಿಲ್ಲ. ಆದಕಾರಣ ಯಜಮಾನರು ತಾವು ಮಾಡಿದ ಪ್ರತಿ ಕವಲಿನೊಳಗೂ ಉಕ್ಕಿನ ಗುಂಡನ್ನು ಉರುಳಿಸುತ್ತಿದ್ದರು. ಮೂವತ್ತನಾಲ್ಕರ ಗುಂಡು ದಾಟಬೇಕು, ಮೂವತ್ತಾರರದು ಬಾಯಲ್ಲೇ ನಿಲ್ಲಬೇಕು. ಆಚೆ ಬದಿಯಲ್ಲಿ ಅಂಗೈ ಒಡ್ಡಿ ಗುಂಡು ಹಿಡಿಯುವ ಕೆಲಸ, ನಡೆಯಲು ಕಲಿತ ದಿನದಿಂದ, ಬುಗುರಿಯದು.

ಯಜಮಾನರು ಡಬ್ಬಿ ತೆರೆದರು. ದೊಡ್ಡ ಗುಂಡು ಬಾಯಲ್ಲೇ ನಿಂತಿತು. "ನೋಡಿ. ನನ್ನ ಅಳತೆ." ಚಿಕ್ಕದನ್ನು ಬಾಯೊಳಗೆ ಬಿಟ್ಟರು.

ಗುಂಡು ದಡದಡನೆ ಬಡಿದುಕೊಳ್ಳುತ್ತ ಇಳಿಯಿತು.

ಯಜಮಾನರ ಕೈ ಗಾಳಿಯಲ್ಲೇ ನಿಂತಿತು. ಕಿರಿದಾದ ಕವಲಿನಲ್ಲಿ ಗುಂಡು ಸವರಿಕೊಂಡು ಸುಯ್ಯೆನ್ನುತ್ತ ಜಾರಬೇಕು. ಹೀಗೆ ಗೋಡೆಯಿಂದ ಗೋಡೆಗೆ ಬಡಿಯುವುದಿಲ್ಲ. ಅವರ ಕಣ್ಣು ಕಾಣುವ ಮೊದಲೇ ಕಿವಿ ಕಂಡಿತು.

"ಬಟ್ಟೆ ತೆಗೀರಿ," ಎಂದರು.

ಮೇಷ್ಟ್ರು ಗೋಣಿಯನ್ನು ಸರಿಸಿದರು. ಬಾಯಿಯಿಂದ ಎರಡು ಬೆರಳಿನಷ್ಟು ದೂರದವರೆಗೆ ಹಳೆಯ ಅಳತೆ. ಅಲ್ಲಿಂದ ಲಾಳಿಕೆಯಂತೆ ಹರಡಿ ನಾಲ್ಕು ಕವಲುಗಳೂ ದಪ್ಪನಾಗಿ ಬಾಗಿದ್ದವು. ಟರ್ಬೊ ಕಡೆಯ ತುದಿಯಿಂದ ಮೇಷ್ಟ್ರು ಡಬ್ಬಿಯಲ್ಲಿದ್ದ ನಲವತ್ತೆರಡರ ಗುಂಡನ್ನು ಒಳಗೆ ಬಿಟ್ಟರು. ಅದು ಸಲೀಸಾಗಿ ಉರುಳಿಹೋಗಿ, ಹೊರಬರುವ ಬಾಯಿ ಸಾಲದೆ ಒಳಗೇ ನಿಂತಿತು.

"ಇದು ನನ್ನದಲ್ಲ!" ಯಜಮಾನರು ಎದ್ದು ನಿಂತರು. ಹತ್ತು ದಿನದಿಂದ ತಣ್ಣಗಿದ್ದ ಕಣ್ಣಲ್ಲಿ ಸಿಟ್ಟು ಹೊತ್ತಿತು. "ನನ್ನದಲ್ಲ ಮೇಷ್ಟ್ರೇ! ಇಷ್ಟು ದಿನ ನಾನೇ ಎಲ್ಲೋ ತಪ್ಪಿದೆ ಅಂತ ಒಳಗೊಳಗೇ ಸಾಯ್ತಿದ್ದೆ. ನನ್ನದಲ್ಲ! ಯಾರೋ ಬೇಕಂತ ಮಾಡಿದ್ದಾರೆ. ಬಾಯಿ ಹಾಗೇ ಇಟ್ಟು, ಪಟ್ಟಿ ಸುತ್ತಿ... ಆ ಬೇವರ್ಸಿ ಅಳಿಯನೇ. ಮಗನ ಹಾಗೆ ನೋಡ್ಕೊಂಡಿದ್ನಲ್ರೀ ಅವನನ್ನ!"

"ಅಳಿಯನಿಗೆ ಬೆಸುಗೆ ಬರುತ್ತಾ?"

"ಆ ಮುಖಕ್ಕಾ? ಬೆಸುಗೆ ಟಾರ್ಚು ಹಿಡಿದ್ರೆ ತಗಡಿಗೆ ತೂತು ಬೀಳುತ್ತೆ. ಯಾರ ಕೈಲೋ ಮಾಡಿಸಿರ್ತಾನೆ. ಇರಿ, ಬೆಸುಗೆ ನೋಡಿದ್ರೆ ಯಾರ ಕೈ ಅಂತ ನಾನು ಹೇಳ್ತೀನಿ. ಈ ಬೀದಿಲಿರೋ ಎಲ್ಲರ ಕೈಯೂ ನಂಗೆ ಗೊತ್ತು."

ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಬೆಸುಗೆಯ ಗೆರೆ ಸಣ್ಣ ಸಣ್ಣ ಅಲೆಗಳಾಗಿ, ಒಂದರ ಮೇಲೊಂದು ಒರಗಿ, ಹೆಣೆದಂತೆ ಸಾಗಿತ್ತು. ಯಜಮಾನರ ಹೆಬ್ಬೆರಳು ಆ ಗೆರೆಯ ಮೇಲೆ ಮೆಲ್ಲನೆ ಸರಿಯಿತು. ಅರ್ಧ ಸುತ್ತು ಹೋಯಿತು.

ಅಲ್ಲಿ ನಿಂತಿತು.

ಆ ಮುಖದಲ್ಲಿ ಆದದ್ದನ್ನು ಹೇಗೆ ಹೇಳಲಿ? ಹೊತ್ತಿದ ಸಿಟ್ಟು ಆರಿತು. ಅದರ ಹಿಂದೆ ಇದ್ದ ದುಃಖವೂ ಆರಿತು. ಉಳಿದದ್ದು ಬರಿಯ ಭಯ. ಕೊಳವೆಯನ್ನು ಬೆಂಚಿನ ಮೇಲೆ ಇಟ್ಟು, ಗೋಣಿಬಟ್ಟೆಯನ್ನು ತಾವೇ ಎಳೆದು ಮುಚ್ಚಿದರು.

"ನಾನೇ ಮಾಡಿದ್ದು," ಎಂದರು.

"ಏನಂದ್ರಿ?"

"ನಾನೇ. ಬರ್ಕೊಳ್ಳಿ. ಆ ಹುಡುಗನನ್ನ ಬಿಡಿ."

"ಈಗಷ್ಟೇ ನನ್ನದಲ್ಲ ಅಂದ್ರಿ."

"ಸುಳ್ಳು ಹೇಳಿದೆ."

"ಆಗಲೋ, ಈಗಲೋ?"

ಮೇಷ್ಟ್ರು ಬೆಂಚಿನ ಕೆಳಗಿನಿಂದ ಎರಡು ತುಂಡು ಕೊಳವೆಗಳನ್ನು ಆಯ್ದು ವೈಸಿಗೆ ಕಚ್ಚಿಸಿದರು.

"ಹಾಗಾದ್ರೆ ಇಂಥದೇ ಒಂದು ಗೆರೆ ಹಾಕಿ ತೋರಿಸಿ ಯಜಮಾನ್ರೇ. ಒಂದು ಬೆರಳು ಉದ್ದ ಸಾಕು."

ಯಜಮಾನರು ಟಾರ್ಚು ತೆಗೆದುಕೊಂಡರು. ಬಲಗೈಯಲ್ಲಿ. ತಡೆದು, ಎಡಗೈಗೆ ಬದಲಿಸಿದರು. ಎಡಗೈಯಲ್ಲಿ ಅದು ಪರರ ವಸ್ತುವಿನಂತೆ ಓರೆಯಾಗಿ ನಿಂತಿತು. ಕೆಳಗಿಟ್ಟುಬಿಟ್ಟರು.

"ನಿಮ್ಮ ಅಲೆ ಬಲದಿಂದ ಎಡಕ್ಕೆ ಒರಗುತ್ತೆ," ಎಂದರು ಮೇಷ್ಟ್ರು, ದನಿಯನ್ನು ಬಹಳ ತಗ್ಗಿಸಿ. "ಇದು ಎಡದಿಂದ ಬಲಕ್ಕೆ. ಎಡಗೈಯವರ ಬೆಸುಗೆ. ಒಂದು ಮಾತು ಕೇಳ್ತೀನಿ. ಮ್ಯಾನಿಫೋಲ್ಡಿಗೆ ಪಟ್ಟಿ ಸುತ್ತಿ, ಪೆಟ್ಟಿಗೆಗೆ ತುಂಬಿ ಕಳಿಸೋದು ಈ ಮನೇಲಿ ಯಾರ ಕೆಲಸ?"

ಪರದೆಯಾಚೆ ಪಾತ್ರೆಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ ಇಬ್ಬರೂ ಗಮನಿಸಿರಲಿಲ್ಲ.

ಯಜಮಾನರು ಮೇಷ್ಟ್ರ ಎರಡೂ ಕೈಗಳನ್ನು ಹಿಡಿದುಕೊಂಡರು. "ಮೆಲ್ಲಗೆ ಮಾತಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳಿ."

"ನನ್ನ ಹೆಂಡತಿ ಕೆಲಸ. ಮದುವೆ ಆದ ಹೊಸದ್ರಲ್ಲಿ ಪಕ್ಕದಲ್ಲೇ ನಿಂತು ಕಲಿತಳು. ನನಗಿಂತ ಚೆಂದ ಬೆಸೀತಾಳೆ. ಬೋರ್ಡಿನ ಮೇಲೆ ನನ್ನ ಹೆಸರು, ಒಳಗೆ ಅರ್ಧ ಕೆಲಸ ಅವಳದು. ಗಿರಾಕಿಗಳಿಗೆ ಯಾರಿಗೂ ಗೊತ್ತಿಲ್ಲ. ನಿಮ್ಮ ಪೊಲೀಸ್ನೋರು ಮೂರು ಸಲ ಬಂದು, ಮೂರು ಸಲವೂ ಅವಳ ಹತ್ರ ನೀರು ಕೇಳಿ ಕುಡಿದು ಹೋದ್ರು. ಒಂದು ಪ್ರಶ್ನೆ ಕೇಳ್ಲಿಲ್ಲ."

"ಮಾಡೋಕೆ ಅವರಿಗೆ ಹೊತ್ತು ಯಾವಾಗ ಸಿಕ್ತು?"

"ನಂದು ಮುಗಿಸಿಟ್ಟು, ಬಾಯ್ಲರ್ ರಿಪೇರಿ ಅಂತ ಎರಡು ದಿನ ಕಾರ್ಖಾನೆಗೆ ಹೋಗಿದ್ದೆ. ಪಟ್ಟಿ ಸುತ್ತಿಡು ಅಂತ ಹೇಳಿ ಹೋದೆ."

"ಆದ್ರೆ ಯಾಕೆ? ಹೆತ್ತ ತಾಯಿ ಅಲ್ವಾ?"

"ತಾಯಿ ಆಗಿದ್ದಕ್ಕೇ." ಯಜಮಾನರು ದನಿಯನ್ನು ಇನ್ನಷ್ಟು ತಗ್ಗಿಸಿದರು. "ಹೋದ ವರ್ಷ ಬುಗುರಿ ಭುಜದ ಮೂಳೆ ಮುರ್ಕೊಂಡು ಬಂದಾಗಿಂದ ಒಂದೇ ಮಾತು. ಒಂದು ಸಲ ಸೋತರೆ ಬಿಟ್ಟುಬಿಡ್ತಾಳೆ ಕಣ್ರೀ, ಒಂದೇ ಒಂದು ಸಲ ಸೋಲ್ಲಿ ಅಂತ. ಇನ್ನು ನಾನು... ಬರೋ ಗಿರಾಕಿಗಳಿಗೆಲ್ಲ ಹೇಳ್ತಿದ್ದೆ. ಊರೊಳಗೆ ಓಡಿಸೋ ಗಾಡಿಗಳು ಮೇಷ್ಟ್ರೇ. ಅಗಲ ಪೈಪು ಹಾಕಿ ಅಂತ ಆಸೆ ಪಡ್ತಾರೆ. 'ಅಗಲ ಹಾಕಿದ್ರೆ ಗಾಡಿ ಮಂಕಾಗುತ್ತೆ, ಬೇಡ' ಅಂತಿದ್ದೆ. ಆಮೇಲಿನ ಅರ್ಧ ಅವರಿಗೆ ಬೇಕೇ ಇರ್ಲಿಲ್ಲ. ಅಷ್ಟು ಜೋರಾಗಿ ಓಡ್ಸೋರೇ ಅಲ್ಲ ಅವರು. ಅದಕ್ಕೇ ಹೇಳ್ಲಿಲ್ಲ. ಇಪ್ಪತ್ತಾರು ವರ್ಷ ಈ ಪರದೆ ಹಿಂದೆ ಅವಳು ಕೇಳಿಸ್ಕೊಂಡಿದ್ದು ಆ ಅರ್ಧ ಮಾತೇ."

ಮೇಷ್ಟ್ರು ಪರದೆಯ ಕಡೆ ನೋಡಿದರು.

"ಓಟ ನೋಡೋಕೆ ಒಂದು ದಿನವೂ ಬಂದವಳಲ್ಲ. ಎದೆ ತಡ್ಕೊಳಲ್ಲ ಅಂತಿದ್ಳು. ಗಾಡಿ ಮೆಲ್ಲಗೆ ಹೋಗ್ಲಿ, ಮಗು ಸೋತು ಮನೆಗೆ ಬರ್ಲಿ ಅಂತ ಮಾಡಿದ್ದಾಳೆ. ಅದು ಮಗೂನ ತಗೊಂಡಿದೆ ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಒಂದು ದಿನ ಉಳಿಯಲ್ಲ. ನನ್ನನ್ನ ಕರ್ಕೊಂಡು ಹೋಗಿ. ಅಳಿಯ ಹೊರಗೆ ಬರ್ತಾನೆ, ಅವಳು ಬದುಕ್ತಾಳೆ. ನಾನು ಎಲ್ಲಿದ್ರೆ ಏನು ಈಗ?"

ಮೇಷ್ಟ್ರು ಬದುಕಿನಲ್ಲಿ ಅನೇಕ ಸುಳ್ಳುಗಳನ್ನು ಬಯಲಿಗೆಳೆದಿದ್ದರು. ಇಷ್ಟು ಶುದ್ಧವಾದ ಸುಳ್ಳು ಎದುರಾದುದು ಇದೇ ಮೊದಲು. ಒಪ್ಪಿಕೊಂಡುಬಿಡಲೇ ಎಂದು ಅವರ ಮನಸ್ಸು ಒಂದು ಗಳಿಗೆ ಬಾಗಿದ್ದು ನಿಜ. ಮರೆಮಾಚಿದರೆ ಕಥೆ ಹೇಳುವವನಿಗೆ ದೋಷ ಬಂದೀತು.

ಹೊರಗೆ ಜೀಪು ನಿಂತಿತು. ಅರ್ಧ ಇಳಿದ ಬಾಗಿಲಿನಡಿ ಬಗ್ಗಿ ಇನ್‌ಸ್ಪೆಕ್ಟರ್ ಒಳಗೆ ಬಂದಳು. "ಎರಡೂಕಾಲು ಮೇಷ್ಟ್ರೇ. ಹೆಸರು ಸಿಕ್ತಾ?"

ಯಜಮಾನರು ಮಣಿಕಟ್ಟುಗಳೆರಡನ್ನೂ ಮುಂದೆ ಚಾಚಿದರು. "ಸಿಕ್ತಮ್ಮ. ನಾನೇ."

"ಅವರು ಸುಳ್ಳು ಹೇಳ್ತಿದ್ದಾರೆ."

ಪರದೆ ಸರಿದಿತ್ತು. ಯಜಮಾನರ ಹೆಂಡತಿ ಹೊಸ್ತಿಲ ಮೇಲೆ ನಿಂತಿದ್ದರು. ಸಣಕಲು ದೇಹ, ಒದ್ದೆ ಮೊಣಕೈ. ಮಗಳ ಹಳೆಯ ಅಂಗಿಯಲ್ಲಿ ಸುತ್ತಿದ ಏನನ್ನೋ ಕೂಸಿನಂತೆ ಎದೆಗೆ ಆನಿಸಿಕೊಂಡಿದ್ದರು. ಬೆಂಚಿನವರೆಗೆ ಬಂದು ಅಂಗಿಯನ್ನು ಬಿಡಿಸಿದರು. ಒಳಗೆ ಇನ್ನೊಂದು ಮ್ಯಾನಿಫೋಲ್ಡು: ಹೊಸದು, ತೆಳು ಕವಲುಗಳದು, ಒಂದು ದಿನವೂ ಬೆಂಕಿ ಕಾಣದ್ದು.

"ಇವಳೇ, ಒಳಗೆ ಹೋಗು," ಎಂದರು ಯಜಮಾನರು.

"ಸುಮ್ನಿರಿ ನೀವು. ನನ್ನ ಬೆಸುಗೇನ ನಿಮ್ಮದು ಅಂದ್ರೆ ನಂಬೋಕೆ ಮೇಷ್ಟ್ರಿಗೇನು ಕಣ್ಣಿಲ್ವಾ?" ಅವರು ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಇವರು ಮಾಡಿದ ಪೈಪು ಇದು ತಾಯೀ. ನಾನು ತೆಗೆದಿಟ್ಟು ಆ ಅಗಲದ್ದನ್ನ ಸುತ್ತಿ ಕಳಿಸ್ದೆ. ಮಗಳಿಗೆ ಮೋಸ ಮಾಡ್ದೆ ಅಂತ ನಾಚಿಕೆ ಆಗಿ ಬಾಯಿ ಬಿಡ್ಲಿಲ್ಲ. ಬ್ರೇಕ್ ಏನೋ ಕೆಟ್ಟಿರ್ಬೇಕು, ಪೈಪಿಗೂ ಇದಕ್ಕೂ ಏನು ಸಂಬಂಧ ಅಂತ ಸುಮ್ನಿದ್ದೆ. ಇವತ್ತು ಗುಂಡಿನ ಸದ್ದು ಕೇಳಿ, ಇವರು ಅಳಿಯನನ್ನ ಬೈಯೋದು ಕೇಳಿ, ಪೈಪಿನ ಮೇಲೇ ನಿಮಗೆ ಅನುಮಾನ ಅಂತ ಗೊತ್ತಾಯ್ತು. ಇದನ್ನ ಹುಡುಕಿ ತರೋಕೆ ಅಟ್ಟ ಹತ್ತಿದ್ದೆ. ಅಳಿಯನಿಗೆ ಏನೂ ಗೊತ್ತಿಲ್ಲ. ಬಿಡಿ ಅವನನ್ನ. ನನ್ನ ಪೈಪಿಂದ ಗಾಡಿ ಮೆಲ್ಲಗೆ ಹೋಗಿರುತ್ತೆ ಅಷ್ಟೇ. ಮೆಲ್ಲಗೆ ಹೋಗೋ ಗಾಡಿಲಿ ಕೊಲೆ ಹೇಗಾಗುತ್ತೆ?"

ಇನ್‌ಸ್ಪೆಕ್ಟರ್ ಪೆನ್ನು ತೆರೆದಿದ್ದಳು. ಬೆಳಿಗ್ಗೆ ಅಂಗೈ ಮೇಲೆ ಊದಿದ ಪಾಠ ಅವಳಿಗೆ ಪೂರ್ತಿ ನೆನಪಿತ್ತು. ಪೆನ್ನಿನ ಮೊನೆ ಹಾಳೆಯನ್ನು ಮುಟ್ಟಲಿಲ್ಲ. ಆ ತಾಯಿಯ ಮಾತಿನ ಮುಂದಿನ ಅರ್ಧವನ್ನು, ಮಂಕಾದ ಗಾಡಿಗೆ ತಿರುವಿನಲ್ಲಿ ಶಕ್ತಿ ಒಮ್ಮೆಗೇ ಬಂತೆಂಬುದನ್ನು, ಬರೆದರೆ ಮಾತ್ರ ಅಳಿಯನ ಬೀಗ ತೆರೆಯುತ್ತದೆ. ಆ ಅರ್ಧವನ್ನು ಇವರ ಎದುರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಆ ತಾಯಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಗಂಡ ತಲೆ ತಗ್ಗಿಸಿದರು. ಇನ್‌ಸ್ಪೆಕ್ಟರ್ ಹಾಳೆಯನ್ನೇ ನೋಡುತ್ತಿದ್ದಳು. ಕೊನೆಗೆ ಆ ಕಣ್ಣುಗಳು ಮೇಷ್ಟ್ರ ಮೇಲೆ ಬಂದು ನಿಂತವು. ಅವುಗಳ ಆಳದಲ್ಲಿ ಏನೋ ಒಂದು, ಇನ್ನೂ ಹೆಸರಿಲ್ಲದ್ದು, ಅಲುಗತೊಡಗಿತ್ತು.

"ನೀವು ಓದಿದೋರು, ಹೇಳಿ ಮೇಷ್ಟ್ರೇ," ಎಂದರು. "ಗಾಡಿ ಅವತ್ತು ನಿಧಾನವಾಗಿತ್ತಲ್ವಾ? ಹಾಗಿದ್ರೆ ನನ್ನ ಮಗಳು ಯಾಕೆ ಬಿದ್ದಳು?"

ಓದಿದವರಿಗೂ, ಓದಿಸಿ ಕೇಳಿದವರಿ‌ಗೂ ಒಳಿತಾಗಲಿ. ನಿಮ್ಮ ಮನೆಯಿಂದ ಹೊರಟ ಮಕ್ಕಳು ಗೆದ್ದಾದರೂ ಸೋತಾದರೂ ಕ್ಷೇಮವಾಗಿ ಹಿಂದಿರುಗಲಿ. ಅವರಿಗಾಗಿ ನೀವು ಮಾಡುವ ಯಾವ ಕೆಲಸವೂ ಅರ್ಧ ತಿಳಿದು ಮಾಡಿದ್ದಾಗದಿರಲಿ. ಅರಿಯದೆ ನೋಯಿಸಿದವರನ್ನೂ ನೊಂದವರನ್ನೂ ಆ ಪರಮ ಸಾಕ್ಷಿಯು ಒಂದೇ ಅಂಗೈಯಲ್ಲಿ ಕಾಯಲಿ.